ಹುಳುಕು ಹಲ್ಲು, ಫಿಲ್ಲಿಂಗ್: ನಮ್ಮ ಕಡೆ ಎಲ್ಲರೂ ಕೇಳೋ ಪ್ರಶ್ನೆಗಳು

ಹಲ್ಲಿನ ಡಾಕ್ಟರ್, ಕಲಬುರಗಿ

"ಫಿಲ್ಲಿಂಗ್ ಮಾಡಿಸಿದ ಹಲ್ಲೇ ಎರಡು ವರ್ಷಕ್ಕ ಮತ್ತ ಹುಳುಕಾಯ್ತು, ಡಾಕ್ಟರ್ ಸರಿ ಮಾಡಿಲ್ಲ." ಈ ಮಾತು ಎಲ್ಲ ದವಾಖಾನೆಯಲ್ಲೂ ಕೇಳಿಬರುತ್ತದೆ. ಕೆಲವು ಸಲ ಕೆಲಸದಲ್ಲೇ ತಪ್ಪಿರುತ್ತದೆ. ಅದೇನು, ಹೇಗಾಗುತ್ತದೆ ಅನ್ನೋದನ್ನೂ ಇಲ್ಲಿ ಬಿಡಿಸಿ ಬರೆಯೋಣ. ಆದರೆ ಮೊದಲು ತಿಳಿಯಬೇಕಾದದ್ದು: ಫಿಲ್ಲಿಂಗ್ ತೂತು ಮುಚ್ಚುತ್ತದೆ, ಹುಳುಕು ಬರಿಸುವ ರೋಗ ಹಾಗೇ ಉಳಿಯುತ್ತದೆ. ರೋಗ ನಡೆದೇ ಇದ್ದರೆ ಫಿಲ್ಲಿಂಗ್ ಮತ್ತು ಹಲ್ಲು ಕೂಡುವ ಅಂಚಿನಿಂದಲೇ ಮತ್ತೆ ಶುರುವಾಗುತ್ತದೆ.

ರೋಗ ನಡೆಯೋದು ಹೀಗೆ. ಹಲ್ಲಿನ ಮೇಲೆ ಕೂರುವ ಅಂಟು ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸಿಹಿ ಸಿಕ್ಕ ಕೂಡಲೇ ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 7ರ ಹತ್ತಿರ ಇರುತ್ತದೆ. ಸಿಹಿ ಬಿದ್ದ ಕೆಲವೇ ನಿಮಿಷದಲ್ಲಿ ಆ ಪದರದೊಳಗೆ ಅದು 5.5ಕ್ಕಿಂತ ಕೆಳಗೆ ಇಳಿಯುತ್ತದೆ, ಅಲ್ಲಿಂದ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಇದನ್ನು ಮತ್ತೆ ಮೇಲೆತ್ತಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿಗೆ ಮರಳಿ ಸೇರುತ್ತವೆ. ಫ್ಲೋರೈಡ್ ಇದ್ದರೆ ಈ ರಿಪೇರಿ ಇನ್ನೂ ಗಟ್ಟಿ.

ಅಂದಮೇಲೆ ದಿನಕ್ಕೆ ಎಷ್ಟು ಸಕ್ಕರೆ ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನೋದೇ ಹೆಚ್ಚು ಮುಖ್ಯ. ಬೆಳಗಿನಿಂದ ರಾತ್ರಿವರೆಗೆ ಆರು ಸಲ ಸಕ್ಕರೆ ಚಾ ಕುಡಿದರೆ ಹಲ್ಲು ಆರು ಸಲ ಆಮ್ಲದಲ್ಲಿ ನೆನೆಯುತ್ತದೆ. ಅಂಗಡಿಯಲ್ಲಿ ಕೂತು ಒಂದೇ ಕಪ್ಪನ್ನು ಮುಕ್ಕಾಲು ಗಂಟೆ ಗುಟುಕರಿಸುತ್ತಿದ್ದರೆ ಅದು ಇನ್ನೂ ಕೆಟ್ಟದ್ದು.

ಪ್ರಶ್ನೆ ಇದ್ದವರು ಕೇಳಿ. ಗೊತ್ತಿದ್ದವರು ಉತ್ತರ ಕೂಡಿಸಿ.

ಓದುಗ, ಹುಮನಾಬಾದ್

ಸರ್, ಸಕ್ಕರಿ ಬಿಟ್ಟು ಬೆಲ್ಲ ಹಾಕಿದ್ರ ನಡೀತದೇನ್ರಿ? ನಮ್ಮ ಬೀದರ್ ಕಡೆ ಕಬ್ಬು, ಬೆಲ್ಲ ಎರಡೂ ಭಾಳ. ಬೆಲ್ಲ ಹಲ್ಲಿಗಿ ಏನೂ ಮಾಡಲ್ಲ ಅಂತಾರ.

ಹಲ್ಲಿನ ಡಾಕ್ಟರ್, ಕಲಬುರಗಿ

ಬೆಲ್ಲದಲ್ಲಿ ಇರುವುದೂ ಬಹುಪಾಲು ಅದೇ ಸುಕ್ರೋಸ್. ಬ್ಯಾಕ್ಟೀರಿಯಾಕ್ಕೆ ಬೆಲ್ಲ, ಸಕ್ಕರೆ ಎರಡೂ ಒಂದೇ. ಶೇಂಗಾ ಚಿಕ್ಕಿಯಂತೆ ಅಂಟಿಕೊಂಡರೆ ಹೆಚ್ಚು ಹೊತ್ತು ಉಳಿಯುತ್ತದೆ, ಅಷ್ಟೇ ವ್ಯತ್ಯಾಸ. ಜನ ಲೆಕ್ಕಕ್ಕೇ ತಗೊಳ್ಳದ ಇನ್ನೊಂದು ವಸ್ತು ಬಿಸ್ಕೀಟು. ಅದರ ಹಿಟ್ಟು, ಸಕ್ಕರೆ ಎರಡೂ ದವಡೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತವೆ.

ಹೋಳಿಗೆ, ಮಾಲ್‌ಪುರಿ ತಿನ್ನಬೇಕಾದರೆ ಊಟದ ಜೊತೆಗೇ ತಿನ್ನಿ. ಊಟದ ಹೊತ್ತಿಗೆ ಜೊಲ್ಲು ಹೆಚ್ಚು ಸುರಿಯುತ್ತದೆ, ಆಮ್ಲವನ್ನು ಬೇಗ ತೊಳೆಯುತ್ತದೆ. ಚಾ ಆದಮೇಲೆ ಒಂದು ಲೋಟ ನೀರು ಕುಡಿಯಿರಿ. ಲಿಂಬು ಸೋಡಾ, ಹುಣಸೆಹಣ್ಣಿನಂಥ ಹುಳಿ ತಿಂದ ಕೂಡಲೇ ಬ್ರಷ್ ಮಾಡಬೇಡಿ; ಆಗ ಎನಾಮಲ್ ಮೆತ್ತಗಾಗಿರುತ್ತದೆ, ತಿಕ್ಕಿದರೆ ಸವೆಯುತ್ತದೆ. ಅರ್ಧ ಗಂಟೆ ಬಿಡಿ. ರಾತ್ರಿ ಮಲಗುವ ಮುಂಚಿನ ಬ್ರಷ್ ಮಾತ್ರ ತಪ್ಪಿಸಲೇಬಾರದು, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಎರಡು ನಿಮಿಷ ಬ್ರಷ್ ಮಾಡಿ ನೊರೆ ಉಗುಳಿ, ಆದರೆ ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಡಿ. ಉಳಿದ ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡಲಿ.

ಶಾಲಾ ಶಿಕ್ಷಕಿ, ಸುರಪುರ

ಹಲ್ಲ ಮ್ಯಾಲ ಕರಿ ಗೆರಿ ಕಂಡ್ರ ಹುಳುಕು ಅಂತ ತಿಳ್ಕೋಬೇಕಾ? ಎಂಥಾದ್ದಕ್ಕ ಫಿಲ್ಲಿಂಗ್ ಬೇಕು, ಎಂಥಾದ್ದಕ್ಕ ಬ್ಯಾಡ?

ಭಾಲ್ಕಿ ಡೆಂಟಲ್

ಮೇಡಂ, ಬಣ್ಣ ನೋಡಿ ಹೇಳಕ್ಕಾಗಲ್ರಿ. ದವಡೆ ಹಲ್ಲಿನ ಗೆರೆಯಲ್ಲಿ ಕಪ್ಪು ಕಲೆ ಇದ್ದು, ಗಟ್ಟಿಯಾಗಿ ನುಣುಪಾಗಿದ್ದರೆ ಅದು ಚಾ, ಎಲೆಅಡಿಕೆ ಕಲೆಯೂ ಇರಬಹುದು, ನಿಂತುಹೋದ ಹಳೆ ಹುಳುಕೂ ಇರಬಹುದು. ಎರಡಕ್ಕೂ ಡ್ರಿಲ್ ಬೇಕಿಲ್ಲ, ಗಮನದಲ್ಲಿ ಇಟ್ಟರೆ ಸಾಕು. ವಸಡಿನ ಅಂಚಿಗೆ ಹತ್ತಿಕೊಂಡು ಸುಣ್ಣದಂಥ ಮಂಕು ಬಿಳಿ ಪಟ್ಟಿ ಕಂಡರೆ ಅದು ಹುಳುಕಿನ ಮೊದಲ ಹಂತ, ಇನ್ನೂ ತೂತು ಬಿದ್ದಿಲ್ಲ. ಇಲ್ಲಿಂದ ಹಿಂದಕ್ಕೆ ತರಬಹುದು: ಡಾಕ್ಟರ್ ಹಲ್ಲಿಗೆ ಸವರುವ ಫ್ಲೋರೈಡ್ ವಾರ್ನಿಷ್, ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟ್, ಸಿಹಿಯ ಸಲ ಕಡಿಮೆ. ಮೇಲ್ಪದರ ಒಡೆದು ಗುಂಡಿ ಬಿದ್ದು, ಒಳಗೆ ಮೆತ್ತಗೆ ಹತ್ತಿತೆಂದರೆ ಫಿಲ್ಲಿಂಗ್ ಬೇಕೇ ಬೇಕು.

ಎರಡು ಹಲ್ಲಿನ ನಡುವಿನ ಹುಳುಕು ಕಣ್ಣಿಗೆ ಬೀಳಲ್ಲ. ಮೇಲಿನಿಂದ ಹಲ್ಲು ಚೆಂದ ಕಾಣುತ್ತದೆ, ಒಳಗೆ ಡೆಂಟಿನ್ (ಎನಾಮಲ್ ಕೆಳಗಿನ ಪದರ) ಕರಗಿರುತ್ತದೆ, ಒಂದಿನ ಖಡಕ್ ರೊಟ್ಟಿ ಕಡಿದಾಗ ಗೋಡೆ ಮುರಿಯುತ್ತದೆ. ಅದಕ್ಕೇ ಕಚ್ಚಿ ಹಿಡಿಯುವ ಸಣ್ಣ ಎಕ್ಸ್‌ರೇ ತೆಗೆಯೋದು.

ನೋವು ಬಂದಾಗ ಅದರ ಜಾತಿ ನೋಡಿ. ತಣ್ಣೀರು, ಸಿಹಿ ತಾಕಿದಾಗ ಜುಮ್ ಅಂದು ಕೆಲವೇ ಸೆಕೆಂಡಿಗೆ ಹೋದರೆ ಒಳಗಿನ ನರ ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ, ಸಾಮಾನ್ಯವಾಗಿ ಫಿಲ್ಲಿಂಗ್‌ನಲ್ಲೇ ಮುಗಿಯುತ್ತದೆ. ನೋವು ನಿಮಿಷಗಟ್ಟಲೆ ನಿಂತರೆ, ರಾತ್ರಿ ಮಲಗಿದಾಗ ಹೆಚ್ಚಾದರೆ, ಬಿಸಿ ಚಾ ತಾಕಿದಾಗ ಹತ್ತಿ, ತಣ್ಣೀರು ಹಿಡಿದಾಗ ಇಳಿದರೆ ನರ ಉಳಿಯುವ ಹಂತ ದಾಟಿದೆ. ಅದಕ್ಕೆ ಮೇಲೆ ಫಿಲ್ಲಿಂಗ್ ಹಾಕಿಸಿ ಪ್ರಯೋಜನವಿಲ್ಲ. ರೂಟ್ ಕೆನಾಲ್, ಇಲ್ಲವೇ ಕೀಳಿಸಬೇಕು. ಇದ್ದಕ್ಕಿದ್ದಂತೆ ನೋವು ನಿಂತುಹೋದರೆ ವಾಸಿಯಾಯಿತು ಅಂದ್ಕೋಬೇಡಿ. ನರ ಸತ್ತಿರುತ್ತದೆ, ಸೋಂಕು ಬೇರಿನ ತುದಿಗೆ ಇಳಿಯುತ್ತಿರುತ್ತದೆ.

ಓದುಗ, ಹುಮನಾಬಾದ್

ಸಿಲ್ವರ್ ಛಲೋನೋ, ಬಿಳಿದು ಛಲೋನೋ? ಬಿಳಿ ಫಿಲ್ಲಿಂಗ್‌ದಾಗೂ ಎರಡು ನಮೂನಿ ಅವ ಅಂತಾರ. ಲೈಟ್ ಹಿಡಿದು ಮಾಡೋದು ಹ್ಯಾಂಗ ಮಾಡ್ತಾರ, ಪೂರಾ ಹೇಳ್ರಿ.

ಭಾಲ್ಕಿ ಡೆಂಟಲ್

ನಮ್ಮ ಕಡೆ ಹಾಕುವುದು ಮುಖ್ಯವಾಗಿ ಮೂರು.

ಸಿಲ್ವರ್ ಅಂದರೆ ಅಮಲ್ಗಮ್. ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಅದು ಹಲ್ಲಿಗೆ ಅಂಟಲ್ಲ, ಗುಂಡಿಯ ಆಕಾರದ ಬಲದ ಮೇಲೆ ನಿಲ್ಲುತ್ತದೆ. ಅದಕ್ಕೇ ಒಳಗೆ ಅಗಲ, ಬಾಯಿ ಕಿರಿದು ಮಾಡಿ ಕೊರೆಯಬೇಕು, ಕೆಲವೊಮ್ಮೆ ಗಟ್ಟಿ ಹಲ್ಲನ್ನೂ ತೆಗೆಯಬೇಕು. ಪೂರ್ತಿ ಬಲ ಬರಲು 24 ಗಂಟೆ ಬೇಕು, ಅಲ್ಲಿವರೆಗೆ ಆ ಕಡೆ ಕಡಿಯಬಾರದು. ಜೊಲ್ಲಿನ ಹಸಿ ಇದ್ದರೂ ತಾಳಿಕೊಳ್ಳುವುದು ಅದರ ದೊಡ್ಡ ಗುಣ. ಪಾದರಸದ ಬಗ್ಗೆ ಮಿನಾಮಾಟಾ ಒಪ್ಪಂದ ಇದೆ, ಭಾರತವೂ 2018ರಲ್ಲಿ ಅದಕ್ಕೆ ಸೇರಿದೆ. ಹಾಲುಹಲ್ಲಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಅಮಲ್ಗಮ್ ಬಳಸಬಾರದು ಅಂತ 2022ರಲ್ಲಿ ಆ ಒಪ್ಪಂದದ ಸಭೆ ತೀರ್ಮಾನಿಸಿತು. ವೈದ್ಯರು ರೋಗಿಯ ಸ್ಥಿತಿ ನೋಡಿ ಅನಿವಾರ್ಯ ಅಂದರೆ ಮಾತ್ರ ವಿನಾಯಿತಿ. ಹಾಗಂತ ಬಾಯಲ್ಲಿ ಗಟ್ಟಿಯಾಗಿ ಕೂತ ಹಳೆ ಸಿಲ್ವರನ್ನು ಹೆದರಿ ಕೀಳಿಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ.

ಎರಡನೆಯದು ಗ್ಲಾಸ್ ಅಯೊನೊಮರ್. ಜಿಐಸಿ ಅಂತ ಬಿಲ್ಲಿನಲ್ಲಿ ಬರೆದಿರುತ್ತಾರೆ. ಪುಡಿ ಮತ್ತು ದ್ರವ ಕಲಸಿ ಹಾಕುವುದು. ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಬಲ ಕಡಿಮೆ. ವಸಡಿನ ಹತ್ತಿರದ ಗುಂಡಿ, ಮಕ್ಕಳ ಹಲ್ಲು, ಬೇರಿನ ಹುಳುಕಿಗೆ ಒಳ್ಳೆಯದು. ದವಡೆ ಹಲ್ಲಿನ ದೊಡ್ಡ ಗುಂಡಿಗೆ ಹಾಕಿದರೆ ಸವೆಯುತ್ತದೆ, ಒಡೆಯುತ್ತದೆ. ದ್ರವ ಹೆಚ್ಚಾಗಿ ತೆಳುವಾಗಿ ಕಲಸಿದರೆ ಇನ್ನೂ ಬೇಗ ಹೋಗುತ್ತದೆ. ಹಾಕಿದ ಕೂಡಲೇ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನ್ ಸವರಬೇಕು, ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಜೊಲ್ಲು ತಾಕಿ ಮೇಲ್ಮೈ ಹಾಳಾಗುತ್ತದೆ.

ಮೂರನೆಯದು ಕಾಂಪೊಸಿಟ್, ನೀಲಿ ಲೈಟ್ ಹಿಡಿಯುವುದು. ಜನ ಹೆಚ್ಚು ಕೇಳುವುದೂ ಇದನ್ನೇ, ಕೆಲಸ ಕೆಡುವುದೂ ಇದರಲ್ಲೇ ಹೆಚ್ಚು. ಹಂತ ಹಂತವಾಗಿ ಹೇಳುತ್ತೇನೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಐದು ನಿಮಿಷ ಕಾಯಬೇಕು. ಕೊಳೆತ ಮೆತ್ತನೆ ಭಾಗವನ್ನು ಅಂಚಿನ ಸುತ್ತ ಪೂರ್ತಿ ತೆಗೆಯಬೇಕು. ಗುಂಡಿಯ ತಳ ನರಕ್ಕೆ ಹತ್ತಿರ ಇದ್ದರೆ ಅಲ್ಲಿ ತೊಗಲಿನಂಥ ಪದರ ಸ್ವಲ್ಪ ಬಿಟ್ಟು ಮುಚ್ಚುವುದೇ ಈಗಿನ ಪದ್ಧತಿ, ಎಲ್ಲ ಕೆರೆದು ನರ ತೆರೆಯುವುದಕ್ಕಿಂತ ಅದು ಮೇಲು. ಆಮೇಲೆ ಹಲ್ಲನ್ನು ಒಣಗಿಸಿ ಇಡಬೇಕು: ರಬ್ಬರ್ ಹಾಳೆ ಕಟ್ಟಿದರೆ ಅತ್ಯುತ್ತಮ, ಇಲ್ಲದಿದ್ದರೆ ಹತ್ತಿ ಉಂಡೆ ಮತ್ತು ಜೊಲ್ಲೆಳೆಯುವ ನಳಿಗೆ. 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ ಎನಾಮಲ್ ಮೇಲೆ 15ರಿಂದ 30 ಸೆಕೆಂಡು, ಡೆಂಟಿನ್ ಮೇಲೆ 15ಕ್ಕಿಂತ ಹೆಚ್ಚು ಬೇಡ. ಚೆನ್ನಾಗಿ ತೊಳೆದಾಗ ಎನಾಮಲ್ ಸುಣ್ಣದಂತೆ ಮಂಕಾಗಿ ಕಾಣಬೇಕು. ಡೆಂಟಿನ್ ಮಾತ್ರ ತುಸು ಮಿಂಚಬೇಕು. ಗಾಳಿ ಹೊಡೆದು ಬಿರುಕಾಗುವಷ್ಟು ಒಣಗಿಸಿದರೆ ನಂತರ ವಾರಗಟ್ಟಲೆ ಜುಮ್ ಅನ್ನುತ್ತದೆ. ಫಿಲ್ಲಿಂಗನ್ನು ಹಲ್ಲಿಗೆ ಹಿಡಿಸುವ ಅಂಟು, ಅಂದರೆ ಬಾಂಡಿಂಗ್ ದ್ರವವನ್ನು 15-20 ಸೆಕೆಂಡು ತಿಕ್ಕಿ, ಮೆಲ್ಲಗೆ ಗಾಳಿ ಊದಿ, ಲೈಟ್ ಹಿಡಿಯಬೇಕು. ಆಮೇಲೆ ಕಾಂಪೊಸಿಟ್ಟನ್ನು 2 ಮಿಲಿಮೀಟರ್ ಪದರವಾಗಿ ಹಾಕುತ್ತಾ ಪ್ರತಿ ಪದರಕ್ಕೆ ಸುಮಾರು 20 ಸೆಕೆಂಡು ಲೈಟ್.

ಒಂದೇ ಸಲ ದಪ್ಪಗೆ ತುರುಕಿದರೆ ಮೇಲೆ ಕಲ್ಲಾಗಿ ತಳ ಹಸಿಯೇ ಉಳಿಯುತ್ತದೆ. ಲೈಟಿನ ತುದಿ ದೂರ ಹಿಡಿದರೂ, ತುದಿಗೆ ಹಳೆ ಕಾಂಪೊಸಿಟ್ ಮೆತ್ತಿಕೊಂಡಿದ್ದರೂ ಅದೇ ಕತೆ. ಆಮ್ಲ ತೊಳೆದ ಮೇಲೆ ಒಂದು ತೊಟ್ಟು ಜೊಲ್ಲು ತಾಕಿದರೆ ಬಾಂಡಿಂಗ್ ಹಿಡಿಯಲ್ಲ, ಹಸಿ ಗೋಡೆಗೆ ಬಣ್ಣ ಹಚ್ಚಿದಂಗ. ಅಂಥ ಫಿಲ್ಲಿಂಗ್ ಅವತ್ತು ಚೆಂದ ಕಾಣುತ್ತದೆ, ಆಮೇಲೆ ಅಂಚಿನಲ್ಲಿ ಕಂದು ಗೆರೆ ಬರುತ್ತದೆ, ಅಲ್ಲಿಂದ ಹುಳುಕು. ಹಾಗಾಗಿ ಕುರ್ಚಿಯಲ್ಲಿ ಕೂತಾಗ ಬಾಯಿ ತುಂಬಿತೆಂದು ಥಟ್ಟನೆ ಮುಚ್ಚಬೇಡಿ. ಕೈ ಎತ್ತಿ, ಅವರು ನಳಿಗೆಯಿಂದ ಎಳೆದುಕೊಳ್ಳುತ್ತಾರೆ.

ಆಶಾ ಕಾರ್ಯಕರ್ತೆ, ಆಳಂದ

ಎರಡು ಹಲ್ಲಿನ ಸಂದಿ ಫಿಲ್ಲಿಂಗ್ ಆದ ಮ್ಯಾಲ ಅನ್ನ, ತೊಗರಿಬ್ಯಾಳಿ ಸಿಪ್ಪಿ ಸಿಕ್ಕೋತದ ಅಂತ ಭಾಳ ಮಂದಿ ಹೇಳ್ತಾರ. ದಿನಾ ಕಡ್ಡಿಲಿಂದ ಚುಚ್ಕೋತಾರ. ಅದು ಹಂಗೇ ಇರ್ತದೇನ್ರಿ?

ಭಾಲ್ಕಿ ಡೆಂಟಲ್

ಇರಬಾರದು, ಅಕ್ಕೋರೇ. ಸಂದಿಯ ಗುಂಡಿ ತುಂಬುವಾಗ ಹಲ್ಲಿನ ಸುತ್ತ ತೆಳು ಲೋಹದ ಪಟ್ಟಿ ಕಟ್ಟಿ, ಕೆಳಗೆ ಸಣ್ಣ ಬೆಣೆ ತುರುಕಬೇಕು. ಪಟ್ಟಿ ಪಕ್ಕದ ಹಲ್ಲಿಗೆ ಬಿಗಿಯಾಗಿ ತಾಕಿದರೆ ಮಾತ್ರ ಫಿಲ್ಲಿಂಗಿಗೆ ಸರಿಯಾದ ಉಬ್ಬು ಬರುತ್ತದೆ. ಪಟ್ಟಿ ಕಟ್ಟದೆ ತುಂಬಿದರೆ ಒಂದೋ ಸಂದಿ ಬಿಡುತ್ತದೆ, ಇಲ್ಲ ವಸಡಿನೊಳಕ್ಕೆ ಮಸಾಲೆ ಚಾಚಿಕೊಂಡು ವಸಡು ಊದುತ್ತದೆ. ಪರೀಕ್ಷೆ ಸುಲಭ: ಹಲ್ಲಿನ ದಾರ ಆ ಸಂದಿಗೆ ಹಾಕಿದಾಗ ಟಕ್ ಅಂತ ಬಿಗಿಯಾಗಿ ಇಳಿಯಬೇಕು, ಹರಿಯದೆ ಮೇಲೆ ಬರಬೇಕು. ತಾನಾಗೇ ಜಾರಿಬಿಟ್ಟರೆ ಅಥವಾ ಪ್ರತಿ ಸಲ ಹರಿದರೆ ಮತ್ತೆ ಮಾಡಿಸಬೇಕು. ಕಡ್ಡಿಯಿಂದ ಚುಚ್ಚುತ್ತಾ ಹೋದರೆ ಸಂದಿ ದೊಡ್ಡದಾಗುತ್ತದೆಯೇ ಹೊರತು ಸರಿಹೋಗಲ್ಲ.

ನೀರು ಪರೀಕ್ಷೆ, ಯಾದಗಿರಿ

ನಮ್ಮ ಜಿಲ್ಲೆಯ ವಿಷಯ ಇಲ್ಲಿ ಸೇರಿಸಲೇಬೇಕು. ಯಾದಗಿರಿ, ಶಹಾಪುರ, ಸುರಪುರ ಕಡೆ ನೆಲ ಬಹುಪಾಲು ಗ್ರಾನೈಟ್ ಕಲ್ಲಿನದು. ಆ ಕಲ್ಲಿನ ಖನಿಜದಿಂದ ಫ್ಲೋರೈಡ್ ಕರಗಿ ಬೋರ್ ನೀರಿಗೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ, ಅಂದರೆ ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಸರಿ ಅನ್ನುತ್ತದೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ರುಚಿ, ಬಣ್ಣ, ವಾಸನೆಯಿಂದ ಗೊತ್ತಾಗಲ್ಲ. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಹಾಕಿದರೂ ಹೋಗಲ್ಲ. ಆರ್‌ಒ ಘಟಕದ ನೀರಿನಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ, ಅದೂ ಪೊರೆ ಕಾಲಕಾಲಕ್ಕೆ ಬದಲಿಸಿದ್ದರೆ. ಕುಡಿಯಲು ಘಟಕದ ನೀರು ತಂದು, ಅಡುಗೆಗೆ ಮತ್ತು ಚಾಕ್ಕೆ ಬೋರ್ ನೀರನ್ನೇ ಹಾಕುವ ಮನೆ ಬಹಳ. ಬೇಳೆ, ಅನ್ನದ ಮೂಲಕ ಅದೂ ಹೊಟ್ಟೆಗೇ ಹೋಗುತ್ತದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಅಡುಗೆಗೂ ಒಳ್ಳೆ ನೀರೇ ಇರಲಿ.

ಶಾಲಾ ಶಿಕ್ಷಕಿ, ಸುರಪುರ

ಹಂಗಾದ್ರ ನಮ್ಮೂರ ಮಕ್ಕಳು ಫ್ಲೋರೈಡ್ ಪೇಸ್ಟ್ ಬಿಡಬೇಕೇನ್ರಿ? ನೀರಿನಾಗೇ ಇಷ್ಟು ಅದ ಅಂದ್ರ?

ಮಕ್ಕಳ ಹಲ್ಲಿನ ವೈದ್ಯೆ, ಬೀದರ್

ಬಿಡಬಾರದು. ಎರಡು ಲೆಕ್ಕ ಬೇರೆ ಬೇರೆ. ಹಲ್ಲು ದವಡೆಯೊಳಗೆ ತಯಾರಾಗುವ ಕಾಲದಲ್ಲಿ, ಸುಮಾರು ಎಂಟು ವರ್ಷದವರೆಗೆ, ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್‌ನಿಂದ ಕಲೆ ಬೀಳುತ್ತದೆ, ಇದಕ್ಕೇ ಫ್ಲೋರೋಸಿಸ್ ಅನ್ನುವುದು. ಹುಳುಕು ತಡೆಯುವುದು ಹಲ್ಲಿನ ಮೇಲ್ಮೈಗೆ ತಾಕುವ ಫ್ಲೋರೈಡ್.

ನಮ್ಮ ದೇಶದ ನಿಯಮದಲ್ಲಿ ಪೇಸ್ಟ್‌ನ ಫ್ಲೋರೈಡ್ 1000 ಪಿಪಿಎಂ ದಾಟುವಂತಿಲ್ಲ, ಅಂದರೆ ಒಂದು ಗ್ರಾಂ ಪೇಸ್ಟ್‌ನಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಹಚ್ಚಿದರೆ ಸುಮಾರು 0.1 ಗ್ರಾಂ, ಪೂರ್ತಿ ನುಂಗಿದರೂ 0.1 ಮಿಲಿಗ್ರಾಂ. ಮೂರರಿಂದ ಆರು ವರ್ಷಕ್ಕೆ ಬಟಾಣಿಯಷ್ಟು, ಸುಮಾರು 0.25 ಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಇರುವ ಬೋರ್ ನೀರನ್ನು ಒಂದು ಲೀಟರ್ ಕುಡಿದ ಮಗುವಿಗೆ ಅದರಿಂದಲೇ 2 ಮಿಲಿಗ್ರಾಂ ಹೋಯಿತು. ತಿದ್ದಬೇಕಾದದ್ದು ನೀರು. ಪೇಸ್ಟ್ ಅಳತೆ ಹಿಡಿದು ಹಚ್ಚಿ, ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಿ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ತುಂಬ ಅಲೆಯಾಗಿ ಹಾಕುವುದು ಮಾತ್ರ ನಿಲ್ಲಲಿ.

ಟೀಚರ್‌ಗೆ ಇನ್ನೊಂದು ಗುರುತು ಹೇಳುತ್ತೇನೆ. ಫ್ಲೋರೋಸಿಸ್ ಕಲೆ ಎಡಬಲ ಎರಡೂ ಕಡೆಯ ಜೋಡಿ ಹಲ್ಲಿಗೆ ಒಂದೇ ಥರ ಇರುತ್ತದೆ, ಅಡ್ಡ ಗೆರೆ ಅಥವಾ ಮೋಡದಂತೆ, ಮುಟ್ಟಿದರೆ ಗಟ್ಟಿ. ಹುಳುಕು ಒಂದು ಜಾಗ ಹಿಡಿದು ಕೂರುತ್ತದೆ. ಆದರೆ ಫ್ಲೋರೋಸಿಸ್ ಜೋರಾಗಿ ಎನಾಮಲ್ ಚಕ್ಕೆಚಕ್ಕೆಯಾಗಿ ಎದ್ದುಹೋದ ಮಕ್ಕಳಿಗೆ ಆ ಗುಂಡಿಗಳಲ್ಲೂ ಹುಳುಕು ಹಿಡಿಯುತ್ತದೆ. ಕಲೆಯ ಹಲ್ಲಿಗೆ ಹುಳುಕು ಬರಲ್ಲ ಅಂತ ಬಿಡಬಾರದು.

ಭಾಲ್ಕಿ ಡೆಂಟಲ್

ಇದಕ್ಕೆ ಒಂದು ಮಾತು ಸೇರಿಸುತ್ತೇನೆ, ಈ ಭಾಗದಲ್ಲಿ ಕೆಲಸ ಮಾಡುವ ಹೊಸ ಡಾಕ್ಟರುಗಳಿಗೆ ಮುಖ್ಯ. ಫ್ಲೋರೋಸಿಸ್ ಇರುವ ಎನಾಮಲ್‌ನ ಮೇಲ್ಪದರ ಆಮ್ಲಕ್ಕೆ ಬೇಗ ಕರಗಲ್ಲ. ಪುಸ್ತಕದ 15 ಸೆಕೆಂಡು ಹಚ್ಚಿ ತೊಳೆದರೆ ಮಂಕು ಬಿಳುಪು ಬರುವುದೇ ಇಲ್ಲ, ಬಾಂಡಿಂಗ್ ಸಡಿಲಾಗಿ ಮುಂದಿನ ಹಲ್ಲಿನ ಫಿಲ್ಲಿಂಗ್ ಚಕ್ಕೆಯಾಗಿ ಏಳುತ್ತದೆ. ಮೇಲ್ಪದರವನ್ನು ಡ್ರಿಲ್ಲಿಗೆ ಹಾಕುವ ಬರ್‌ನಿಂದ ತೆಳುವಾಗಿ ಉಜ್ಜಿ, ಆಮ್ಲವನ್ನು ಒಂದು ನಿಮಿಷದವರೆಗೆ ಇಟ್ಟು, ಬಿಳುಪು ಎಲ್ಲೆಡೆ ಒಂದೇ ಸಮ ಬಂತೋ ನೋಡಿ, ಬಾರದಿದ್ದರೆ ಮತ್ತೆ ಹಚ್ಚಬೇಕು. ತಾನೇ ಆಮ್ಲದ ಕೆಲಸವನ್ನೂ ಮಾಡುವ ಒಂದೇ ಬಾಟಲಿ ಬಾಂಡಿಂಗ್ ಮೇಲೆ ಇಲ್ಲಿ ಭರವಸೆ ಇಡಬೇಡಿ. ಎನಾಮಲ್‌ಗೆ ಜೆಲ್ ಹಚ್ಚಲೇಬೇಕು. ಒಂದೇ ಊರಿನ ಹಲವರಿಗೆ ಮುಂದಿನ ಹಲ್ಲಿನ ಫಿಲ್ಲಿಂಗ್ ಪದೇ ಪದೇ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದು.

ಆಶಾ ಕಾರ್ಯಕರ್ತೆ, ಆಳಂದ

ಹಾಲುಹಲ್ಲು ಹೆಂಗಿದ್ರೂ ಬಿದ್ದು ಹೋಗ್ತಾವ, ರೊಕ್ಕ ಯಾಕ ಹಾಕ್ಬೇಕು ಅಂತ ತಾಯಂದಿರು ಕೇಳ್ತಾರ. ಏನ್ ಹೇಳ್ಬೇಕ್ರಿ ಮೇಡಂ?

ಮಕ್ಕಳ ಹಲ್ಲಿನ ವೈದ್ಯೆ, ಬೀದರ್

ಹಿಂದಿನ ಹಾಲುಹಲ್ಲು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ. ನಾಲ್ಕು ವರ್ಷದ ಮಗುವಿಗೆ ಅದು ಇನ್ನೂ ಆರೇಳು ವರ್ಷ ಬೇಕು ಅಂತ ಹೇಳಿ. ಬೇಗ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ಹಿಡಿಯುತ್ತದೆ, ಆಮೇಲೆ ಶಾಶ್ವತ ಹಲ್ಲು ಸೊಟ್ಟ ಬರುತ್ತದೆ. ಹಾಲುಹಲ್ಲಿನ ಬೇರಿನ ಕೀವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲನ್ನೂ ಕೆಡಿಸಬಲ್ಲದು.

ಇದಕ್ಕಿಂತ ದೊಡ್ಡ ತಪ್ಪು ಆರು ವರ್ಷದಲ್ಲಿ ನಡೆಯುತ್ತದೆ. ಆ ವಯಸ್ಸಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಬಿದ್ದು ಹುಟ್ಟಿಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದಾಗ ಬಿದ್ದುಹೋಗುತ್ತದೆ ಅಂತ ಬಿಡುತ್ತಾರೆ, ಅದು ಬದುಕಿಡೀ ಕಡಿಯಬೇಕಾದ ಹಲ್ಲು. ಎಣಿಸಿ ನೋಡಿ: ನಡುವಿನಿಂದ ಹಿಂದಕ್ಕೆ ಆರನೆಯದು ಅದು. ಹುಟ್ಟಿ ಪೂರ್ತಿ ಮೇಲೆ ಬಂದ ಕೂಡಲೇ ಅದರ ಆಳ ಗೆರೆಗಳಿಗೆ ಸೀಲೆಂಟ್ (ಗೆರೆ ಮುಚ್ಚುವ ತೆಳು ಲೇಪ) ಹಾಕಿಸಿದರೆ ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಹತ್ತಿಪ್ಪತ್ತು ನಿಮಿಷದ ಕೆಲಸ.

ಬಾಟಲಿ ಹಾಲು ಕುಡಿಯುತ್ತಾ ಮಲಗುವ ಕೂಸುಗಳ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುತ್ತವೆ. ತುಟಿ ಎತ್ತಿ ವಸಡಿನ ಹತ್ತಿರ ಬಿಳಿ ಪಟ್ಟಿ ಇದೆಯಾ ನೋಡಿ. ಬಾಟಲಿಗೆ ಸಕ್ಕರೆ ಹಾಕಬಾರದು, ಕೂಸು ಚೀಪುವ ನಿಪ್ಪಲಿಗೆ ಬೆಲ್ಲ, ಜೇನು ಹಚ್ಚಬಾರದು. ಶಾಲೆ, ಅಂಗನವಾಡಿ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡ ಬಂದಾಗ ಹಲ್ಲೂ ನೋಡಿಸಿ, ಚೀಟಿ ಬರೆಸಿಕೊಳ್ಳಿ.

ಆಶಾ ಕಾರ್ಯಕರ್ತೆ, ಆಳಂದ

ಡ್ರಿಲ್ ಸಪ್ಪಳ ಕೇಳಿದ್ರೇ ಅಳೋ ಕೂಸುಗಳಿಗಿ?

ಮಕ್ಕಳ ಹಲ್ಲಿನ ವೈದ್ಯೆ, ಬೀದರ್

ಎರಡು ದಾರಿ ಇವೆ. ಒಂದು, ಕೈ ಉಪಕರಣದಿಂದಲೇ ಮೆತ್ತನೆ ಭಾಗ ಕೆರೆದು ಗಟ್ಟಿಯಾಗಿ ಕಲಸಿದ ಜಿಐಸಿಯನ್ನು ಬೆರಳಿನಿಂದ ಒತ್ತಿ ತುಂಬುವುದು. ಕರೆಂಟೂ ಬೇಡ, ಶಾಲೆಯ ಬೆಂಚಿನ ಮೇಲೂ ಆಗುತ್ತದೆ.

ಇನ್ನೊಂದು ಸಿಲ್ವರ್ ಡೈಅಮೈನ್ ಫ್ಲೋರೈಡ್, 38 ಶೇಕಡಾ ದ್ರಾವಣ. ಹಲ್ಲು ಒಣಗಿಸಿ, ತುಟಿಗೆ ವ್ಯಾಸಲೀನ್ ಸವರಿ, ಸಣ್ಣ ಬ್ರಷ್ಷಿನಲ್ಲಿ ಒಂದು ನಿಮಿಷ ಹಚ್ಚುವುದು. ಒಂದು ಹನಿಯಲ್ಲಿ ಹಲವು ಹಲ್ಲು ಮುಗಿಯುತ್ತವೆ. ಹುಳುಕು ನಿಲ್ಲುತ್ತದೆ, ಆದರೆ ಆ ಜಾಗ ಕಾಯಂ ಕಪ್ಪಾಗುತ್ತದೆ. ಇದನ್ನು ಹಚ್ಚುವ ಮುಂಚೆಯೇ ತಾಯಿ ತಂದೆಗೆ ಫೋಟೋ ತೋರಿಸಿ ಹೇಳಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿದರೆ ಹೆಚ್ಚು ಫಲ. ರಾತ್ರಿ ನೋವು ಶುರುವಾದ, ಬಾವು ಬಂದ ಹಲ್ಲಿಗೆ ಇದು ಬೇಡ, ಬೆಳ್ಳಿಯ ಅಲರ್ಜಿ ಇದ್ದವರಿಗೂ ಬೇಡ.

ಮೆಡಿಕಲ್ ಅಂಗಡಿ, ಜೇವರ್ಗಿ

ಹಲ್ಲು ಬ್ಯಾನಿ ಅಂತ ಕೌಂಟರಿಗಿ ಬರೋರಿಗಿ ಹೇಳಬೇಕಾದ್ದು ಇಲ್ಲಿ ಬರೀತೀನಿ. ಎಲ್ಲರೂ ಮೊದಲು ಕೇಳೋದು ಆಂಟಿಬಯೋಟಿಕ್. ನರದ ನೋವಿಗೆ ಅದು ಏನೂ ಮಾಡಲ್ಲ. ನರ ಕೂತಿರೋದು ಹಲ್ಲಿನ ಗಟ್ಟಿ ಗೋಡೆ ಒಳಗ. ಊತ ಹರಡಿದಾಗ, ಜ್ವರ ಬಂದಾಗ ಡಾಕ್ಟರ್ ಬರೆದ್ರ ಮಾತ್ರ ಅದು ಬೇಕು. ಎರಡು ಗುಳಿಗಿ ತಗೊಂಡು ಬಿಟ್ಟುಬಿಡೋದಂತೂ ಪೂರಾ ತಪ್ಪು.

ನೋವಿಗಿ, ಹೊಟ್ಟಿ ಹುಣ್ಣು, ಕಿಡ್ನಿ ತೊಂದ್ರಿ, ಅಸ್ತಮಾ ಇಲ್ಲದ ದೊಡ್ಡವರು ಊಟಾದ ಮ್ಯಾಲ ಐಬುಪ್ರೊಫೆನ್ 400 ತಗೋಬಹುದು. ಪ್ಯಾರಾಸಿಟಮಾಲ್ ಒಂದು ದಿನಕ್ಕ ಎಲ್ಲಾ ಕೂಡಿ 4 ಗ್ರಾಂ ದಾಟಬಾರದು. ಥಂಡಿ ಜ್ವರದ ಗುಳಿಗಿದಾಗೂ ಅದೇ ಇರ್ತದ, ಹಿಂದಿನ ಚೀಟಿ ಓದ್ರಿ. ಬಸುರಿ ಹೆಂಗಸರಿಗಿ ಐಬುಪ್ರೊಫೆನ್ ಬ್ಯಾಡ, ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗಿ ಪ್ಯಾರಾಸಿಟಮಾಲ್ ಮೈತೂಕದ ಕಿಲೋಕ್ಕ 10ರಿಂದ 15 ಮಿಲಿಗ್ರಾಂ, ಆರು ತಾಸಿಗೊಮ್ಮೆ. ನಿಮೆಸುಲೈಡ್ 12 ವರ್ಷದ ಒಳಗಿನವರಿಗಿ ಕೊಡಂಗೇ ಇಲ್ಲ. ಆಸ್ಪಿರಿನ್ ಗುಳಿಗಿ ಪುಡಿ ಮಾಡಿ ಹಲ್ಲಿನ ಬುಡಕ್ಕ ಇಡೋದು ಭಾಳ ಕಡೆ ಅದ. ವಸಡು ಸುಟ್ಟು ಬೆಳ್ಳಗ ಆಗ್ತದ, ನೋವು ಎರಡಾಗ್ತದ.

ಭಾಲ್ಕಿ ಡೆಂಟಲ್

ಲವಂಗದೆಣ್ಣೆಯ ಬಗ್ಗೆ ನಾನು ಸೇರಿಸುತ್ತೇನೆ. ಹತ್ತಿಗೆ ಒಂದು ಹನಿ ಹಾಕಿ ಗುಂಡಿಯೊಳಗೆ ಇಟ್ಟರೆ ನೋವು ತುಸು ಇಳಿಯುವುದು ನಿಜ, ಅದರಲ್ಲಿರುವ ಯೂಜಿನಾಲ್ ನರವನ್ನು ಮಂದ ಮಾಡುತ್ತದೆ. ವಸಡಿಗೆ ಸುರಿದರೆ ಸುಡುತ್ತದೆ. ಮತ್ತು ಅದೇ ಯೂಜಿನಾಲ್ ಕಾಂಪೊಸಿಟ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಆದ್ದರಿಂದ ಫಿಲ್ಲಿಂಗಿಗೆ ಹೋದಾಗ ಲವಂಗದೆಣ್ಣೆ ಇಟ್ಟಿದ್ದೆ ಅಂತ ಹೇಳಲೇಬೇಕು. ಅವರು ಗುಂಡಿಯನ್ನು ಚೆನ್ನಾಗಿ ತೊಳೆಯುತ್ತಾರೆ, ಇಲ್ಲ ಮೊದಲು ಜಿಐಸಿ ಹಾಕುತ್ತಾರೆ.

ಓದುಗ, ಹುಮನಾಬಾದ್

ಸಂತ್ಯಾಗ ಹೊಗಿ ಹಾಕಿ ಹಲ್ಲಿನ ಹುಳ ತೆಗಿತೀವಿ ಅಂತ ಕೂಡ್ತಾರಲ್ಲ, ಹುಳ ಖರೇನೇ ಬೀಳ್ತಾವ. ಕಣ್ಣಿಂದ ಕಾಣ್ತಾವ.

ಹಲ್ಲಿನ ಡಾಕ್ಟರ್, ಕಲಬುರಗಿ

ಬೀಳುವುದು ಬೀಜದ ಮೊಳಕೆ. ಗುಳ್ಳದ ಜಾತಿಯ ಬೀಜಗಳನ್ನು ಕೆಂಡದ ಮೇಲೆ ಹಾಕಿದಾಗ ಸಿಪ್ಪೆ ಸಿಡಿದು, ಒಳಗಿನ ಬಿಳಿ ಸುರುಳಿ ಭಾಗ ಹೊರಬರುತ್ತದೆ, ನೋಡಲು ಹುಳದಂತೆಯೇ. ಹಲ್ಲೇ ಇಲ್ಲದೆ ಬರಿ ಕೆಂಡಕ್ಕೆ ಅದೇ ಬೀಜ ಹಾಕಿದರೂ ಅವೇ "ಹುಳ" ಸಿಗುತ್ತವೆ. ಬಿಸಿ ಹೊಗೆಯಿಂದ ಬಾಯಿ ಸುಟ್ಟುಕೊಂಡವರಿದ್ದಾರೆ.

ಜಾತ್ರೆ, ಸಂತೆಯಲ್ಲಿ ಐದು ನಿಮಿಷದಲ್ಲಿ ಗುಂಡಿ ಮುಚ್ಚುವವರು ಬಳಸುವುದು ತಾನೇ ಗಟ್ಟಿಯಾಗುವ ಅಕ್ರಿಲಿಕ್. ಹುಳುಕು ತೆಗೆಯದೆ ಮೇಲೆ ಮೆತ್ತುತ್ತಾರೆ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಕುಗ್ಗುತ್ತದೆ, ವಸಡಿನೊಳಗೆ ಚಾಚುತ್ತದೆ. ತೊಳೆಯದ ಉಪಕರಣದಿಂದ ಹೆಪಟೈಟಿಸ್ ಬಿ, ಸಿ ದಾಟುವ ಭಯ ಬೇರೆ.

ಖರ್ಚಿನ ಚಿಂತೆ ಇದ್ದವರಿಗೆ: ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ, ಅಲ್-ಬದರ್, ಇಎಸ್‌ಐಸಿ ದಂತ ಕಾಲೇಜುಗಳಿವೆ, ಬೀದರ್‌ನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜಿದೆ. ದಂತ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರತಿ ಹಂತಕ್ಕೂ ಮೇಲಿನವರು ನೋಡಿ ಸಹಿ ಹಾಕುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ ಹುಳುಕು ಪೂರ್ತಿ ಹೋಯಿತೋ ಅಂತ ಇನ್ನೊಬ್ಬರ ಕಣ್ಣು ಬೀಳುವುದು ಒಳ್ಳೆಯದೇ. ದಂತ ಭಾಗ್ಯ ಯೋಜನೆ ಅಂತ ಕೇಳಿಕೊಂಡು ಬರುವವರು ಗಮನಿಸಿ: ಅದು ಹಲ್ಲಿಲ್ಲದ ಬಿಪಿಎಲ್ ಹಿರಿಯರಿಗೆ ಹಲ್ಲಿನ ಸೆಟ್ ಕೊಡುವುದಕ್ಕೆ, ಫಿಲ್ಲಿಂಗಿಗಲ್ಲ.

ಮೆಡಿಕಲ್ ಅಂಗಡಿ, ಜೇವರ್ಗಿ

ಡಾಕ್ಟರೇ, ಫಿಲ್ಲಿಂಗ್ ಆದ ಮರುದಿನ ನೋವಿನ ಗುಳಿಗಿ ಕೇಳ್ಕೋತ ಬರ್ತಾರ. ಎಷ್ಟು ದಿನ ನೋವು ಇರೋದು ಸರಿ, ಎಷ್ಟಕ್ಕ ಹೊಳ್ಳಿ ಕಳಿಸಬೇಕು?

ಹಲ್ಲಿನ ಡಾಕ್ಟರ್, ಕಲಬುರಗಿ

ತಣ್ಣಗಿನದಕ್ಕೆ ಸಣ್ಣಗೆ ಜುಮ್ ಅನ್ನುವುದು ಒಂದೆರಡು ವಾರ ಇರಬಹುದು, ದಿನದಿನಕ್ಕೆ ಇಳಿಯುತ್ತಿರಬೇಕು. ಕಚ್ಚಿದಾಗ ಮಾತ್ರ ಚುಳ್ ಅಂದರೆ ಫಿಲ್ಲಿಂಗ್ ಎತ್ತರವಾಗಿದೆ. ಬಾಯಿ ಮರಗಟ್ಟಿದ್ದಾಗ ರೋಗಿಗೆ ಕಚ್ಚಿದ್ದು ಗೊತ್ತಾಗಲ್ಲ, ಅದಕ್ಕೇ ಇದು ಬಹಳ ಸಾಮಾನ್ಯ. ನೀಲಿ ಕಾಗದ ಕಚ್ಚಿಸಿ ಗುರುತು ಬಿದ್ದಲ್ಲಿ ಉಜ್ಜಿದರೆ ಐದು ನಿಮಿಷದಲ್ಲಿ ಸರಿ. "ತಾನಾಗೇ ಸವೆಯುತ್ತದೆ" ಅಂತ ತಿಂಗಳು ಬಿಟ್ಟರೆ ಬೇರಿನ ಸುತ್ತ ಊತ ಬರುತ್ತದೆ, ಗುಳಿಗೆಯಿಂದ ಹೋಗಲ್ಲ. ಗುಳಿಗೆ ಕೊಡದೆ ಹಿಂದಕ್ಕೆ ಕಳಿಸಿ.

ಮರಗಟ್ಟಿದ್ದು ಎರಡು ಮೂರು ತಾಸು ಇರುತ್ತದೆ. ಅಲ್ಲಿವರೆಗೆ ಮಕ್ಕಳು ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ನೋಡಬೇಕು, ಬಿಸಿ ಚಾ ಬೇಡ. ಕಾಂಪೊಸಿಟ್ ಲೈಟಿನಲ್ಲೇ ಗಟ್ಟಿಯಾಗಿರುತ್ತದೆ, ಮರಗಟ್ಟಿದ್ದು ಇಳಿದ ಮೇಲೆ ಮೆತ್ತನೆ ರೊಟ್ಟಿ, ಪಲ್ಯ ತಿನ್ನಬಹುದು. ದೊಡ್ಡ ಫಿಲ್ಲಿಂಗ್ ಇದ್ದವರು ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಲಿ, ಕಬ್ಬು ಹಲ್ಲಿನಿಂದ ಸೀಳಬೇಡ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಫಿಲ್ಲಿಂಗ್ ಮೇಲೆ ಕ್ಯಾಪ್ ಬೇಕು ಅಂತ ಡಾಕ್ಟರ್ ಹೇಳುವುದು ಇದಕ್ಕೇ.

ಮಿಶ್ರಿ (ಸುಟ್ಟ ತಂಬಾಕಿನ ಪುಡಿ), ಇದ್ದಲಿ, ಇಟ್ಟಂಗಿ ಪುಡಿ, ಕೆಂಪು ಹಲ್ಲುಪುಡಿ ತಿಕ್ಕುವವರ ಹಲ್ಲಿನ ಬುಡ ಕೊಡಲಿ ಕಚ್ಚಿನಂತೆ ಸವೆದಿರುತ್ತದೆ. ಅಲ್ಲಿ ಹಾಕಿದ ಫಿಲ್ಲಿಂಗ್ ಅದೇ ಪುಡಿಯಿಂದ ಮತ್ತೆ ಸವೆದು ಬೀಳುತ್ತದೆ. ಬೇವಿನ ಕಡ್ಡಿಯ ಅಭ್ಯಾಸ ಇದ್ದವರು ತುದಿ ಚೆನ್ನಾಗಿ ಜಗಿದು ಕುಂಚ ಮಾಡಿಕೊಂಡು ಮೆಲ್ಲಗೆ ತಿಕ್ಕಲಿ, ಆದರೆ ರಾತ್ರಿ ಫ್ಲೋರೈಡ್ ಪೇಸ್ಟ್ ಬೇಕೇ ಬೇಕು.

ಶಾಲಾ ಶಿಕ್ಷಕಿ, ಸುರಪುರ

ಕೊನೀ ಪ್ರಶ್ನೆ. ರಾತ್ರೋರಾತ್ರಿ ಕಲಬುರಗಿಗಿ ಓಡಬೇಕು ಅನ್ನೋ ಹಂಗ ಹಲ್ಲಿನ ತೊಂದ್ರಿ ಯಾವುದು?

ಹಲ್ಲಿನ ಡಾಕ್ಟರ್, ಕಲಬುರಗಿ

ಬಾವು ದವಡೆಯ ಕೆಳಗೆ, ಕುತ್ತಿಗೆ ಕಡೆ ಇಳಿಯುತ್ತಿದ್ದರೆ. ನಾಲಿಗೆಯ ಕೆಳಗೆ ಗಟ್ಟಿಯಾಗಿ ಊದಿ ನಾಲಿಗೆ ಮೇಲೆದ್ದರೆ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ. ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ. ಕಣ್ಣು ಮುಚ್ಚುವಷ್ಟು ಕೆನ್ನೆ ಊದಿದರೆ, ಜೊತೆಗೆ ಚಳಿ ಜ್ವರ ಬಂದರೆ. ಉಸಿರಿನ ದಾರಿ ಮುಚ್ಚುವ ಸಾಧ್ಯತೆ ಇರುವುದರಿಂದ ಬೆಳಗಿನವರೆಗೆ ಕಾಯಬಾರದು. ಹಲ್ಲಿನ ಕ್ಲಿನಿಕ್ ಹುಡುಕುತ್ತಾ ಅಲೆಯದೆ 108ಕ್ಕೆ ಕರೆ ಮಾಡಿ ಸೀದಾ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಇನ್ನೂ ವೇಗವಾಗಿ ಹರಡುತ್ತದೆ. ಬಾವಿಗೆ ಬಿಸಿ ಇಟ್ಟಿಗೆಯ ಕಾವು ಕೊಡಬೇಡಿ, ಸುಣ್ಣ ಅರಿಶಿನ ಪಟ್ಟು ಹಾಕಬೇಡಿ. ತೆಗೆದುಕೊಂಡ ಗುಳಿಗೆಗಳ ಚೀಟಿಯನ್ನು ಮಾತ್ರ ಜೊತೆಗೆ ಒಯ್ಯಿರಿ, ರಕ್ತ ತೆಳು ಮಾಡುವ ಗುಳಿಗೆ ನಡೆಯುತ್ತಿದ್ದರೆ ಅದನ್ನು ಮೊದಲೇ ಹೇಳಿ.